ಕಲಬುರಗಿಯಿಂದ ನಾರಾಯಣಪುರಕ್ಕೆ ಹಳ್ಳಿದಾರಿಯಲ್ಲಿ ಬೈಕ್: ಎರೆಮಣ್ಣು, ದುಬಾರಿ ಲಾಡ್ಜ್ ಮತ್ತು ಹುಣಸಗಿಯ ಊಟ

ಹೆದ್ದಾರಿ ಬಿಟ್ಟು ಮಣ್ಣಿನ ದಾರಿಗಳಲ್ಲಿ ಬೈಕ್ ಓಡಿಸಬೇಕೆನ್ನುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಲಡಾಖಿನಿಂದಲೋ ಮಲೆನಾಡಿನಿಂದಲೋ ಬಂದವು. ಘಾಟಿಯ ತಿರುವಿನಲ್ಲಿ ಹೇಗೆ ಬಾಗಬೇಕು, ಹರಿಯುವ ನೀರನ್ನು ಯಾವ ಗೇರಿನಲ್ಲಿ ದಾಟಬೇಕು ಎಂಬ ಪಾಠಗಳು ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ನೆಲ ಬಹುಪಾಲು ಸಮತಟ್ಟಾಗಿದೆ, ದಾರಿ ಕಣ್ಣಳತೆಯವರೆಗೂ ಕಾಣುತ್ತದೆ, ಎದುರಿಗೆ ಬರುವ ವಾಹನಗಳೂ ಕಡಿಮೆ. ಆದರೆ ಒಣಗಿದಾಗ ಡಾಂಬರಿಗಿಂತ ಹಿತವಾಗಿರುವ ಅದೇ ದಾರಿಯಲ್ಲಿ ಅರ್ಧ ಗಂಟೆ ಮಳೆ ಬಿದ್ದರೆ ಬೈಕನ್ನು ನೂಕಿಕೊಂಡು ಹೋಗುವುದಕ್ಕೂ ಆಗುವುದಿಲ್ಲ. ಆದ್ದರಿಂದ ಈ ಸೀಮೆಗೆ ಹೊರಡುವವರು ದಾರಿ ಎಷ್ಟು ಕಿಲೋಮೀಟರ್ ಎಂದು ನೋಡುವುದಕ್ಕಿಂತ, ಅದು ಯಾವ ಮಣ್ಣಿನ ಮೇಲೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ನಾನು ಮತ್ತು ನನ್ನ ಸ್ನೇಹಿತ ಹಿಡಿದ ದಾರಿ ಇದು: ಕಲಬುರಗಿಯಿಂದ ಶಹಾಬಾದ್, ವಾಡಿ, ನಾಲವಾರ ಮಾರ್ಗವಾಗಿ ಸನ್ನತಿ, ಅಲ್ಲಿ ಭೀಮಾ ನದಿ ದಾಟಿ ಶಹಾಪುರ, ಸುರಪುರ, ಹುಣಸಗಿ, ಕೊನೆಗೆ ನಾರಾಯಣಪುರದ ಬಸವಸಾಗರ ಅಣೆಕಟ್ಟು. ಇದರಲ್ಲಿ ಶಹಾಬಾದಿನಿಂದ ವಾಡಿಯವರೆಗಿನ ಭಾಗವನ್ನು ಬೆಳಕು ಹರಿದ ಕೂಡಲೇ ಮುಗಿಸುವುದು ಒಳ್ಳೆಯದು. ಸಿಮೆಂಟ್ ಲಾರಿಗಳು ಮತ್ತು ಕಲ್ಲು ತುಂಬಿದ ಟ್ರ್ಯಾಕ್ಟರುಗಳು ಬೀದಿಗಿಳಿದ ಮೇಲೆ ಅಲ್ಲಿ ದೂಳಲ್ಲದೆ ಬೇರೇನೂ ಕಾಣುವುದಿಲ್ಲ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಬರುವುದು ಇಲ್ಲಿನ ಗಣಿಗಳಿಂದಲೇ. ಚಪ್ಪಡಿ ತೆಗೆದು ಉಳಿದ ಚೂರುಗಳನ್ನು ಒಳದಾರಿಗಳ ತಗ್ಗುಗಳಿಗೆ ಸುರಿದಿರುತ್ತಾರೆ, ಅವುಗಳ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಮಣ್ಣಿನ ದಾರಿ ಎಂದರೆ ಟೈರಿನ ಗಾಳಿ ಇಳಿಸುವ ರೂಢಿ ಅನೇಕರಿಗಿದೆ. ಇಲ್ಲಿ ಹಾಗೆ ಮಾಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ಹರಿಯುತ್ತದೆ. ಗಾಳಿ ಇಳಿಸುವುದಿದ್ದರೆ ಭೀಮೆ ದಾಟಿದ ಮೇಲೆ ಇಳಿಸಿ. ಸಾಮಾನು ಹೊತ್ತ ಬೈಕಿಗೆ ಮುಂದೆ 20, ಹಿಂದೆ 22 ಪಿಎಸ್‌ಐ ನಮಗೆ ಸರಿಹೋಯಿತು. ನೀರು ನಿಂತ ಹಳೆಯ ಗಣಿಗುಂಡಿಗಳು ದಾರಿಯ ಮಗ್ಗುಲಲ್ಲೇ ಇದ್ದು, ಹಲವಕ್ಕೆ ಬೇಲಿಯೂ ಇಲ್ಲದ ಕಾರಣ ಕತ್ತಲಾದ ಮೇಲೆ ಈ ಒಳದಾರಿಗಳಿಗೆ ಇಳಿಯಲೇಬಾರದು.

ಸನ್ನತಿಯಲ್ಲಿ ಚಂದ್ರಲಾ ಪರಮೇಶ್ವರಿಯ ಗುಡಿಗೆ ಬರುವ ಭಕ್ತರೇ ಹೆಚ್ಚು. ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಕಡೆಗೆ ಹೋಗುವವರು ಬೆರಳೆಣಿಕೆಯವರು, ಹಾಗಾಗಿ ಜನಜಂಗುಳಿ ಕಂಡರೆ ಹಿಂದೆ ಸರಿಯುವ ನನಗೆ ಅದೇ ಹಿಡಿಸಿತು. 1986ರಲ್ಲಿ ಸನ್ನತಿಯ ಕಾಳಿ ಗುಡಿಯ ಮಾಳಿಗೆ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡುಬಂದಿತು. ಮುಂದೆ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಿಲ್ಪವೇ ದೊರೆಯಿತು. ಇಷ್ಟು ತಿಳಿದು ಹೋದರೆ ಅಲ್ಲಿ ಒಂದು ಗಂಟೆ ಸಾರ್ಥಕವಾಗಿ ಕಳೆಯುತ್ತದೆ. ಬಿಸಿಲಿಗೆ ನೆರಳು ಕಡಿಮೆ, ನೀರು ಜೊತೆಗಿರಲಿ.

ಭೀಮೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಲಬುರಗಿಯಲ್ಲಿ ಮಳೆಯಿಲ್ಲ ಎಂದ ಮಾತ್ರಕ್ಕೆ ನದಿ ಇಳಿದಿದೆ ಎಂದು ತಿಳಿಯಬಾರದು, ಏಕೆಂದರೆ ಪ್ರವಾಹ ಬರುವುದು ಮಹಾರಾಷ್ಟ್ರದ ಉಜನಿ ಮುಂತಾದ ಜಲಾಶಯಗಳಿಂದ ನೀರು ಬಿಟ್ಟಾಗ. 2020ರ ಅಕ್ಟೋಬರಿನಲ್ಲಿ ಹಾಗೆಯೇ ಆಗಿ ನದಿದಂಡೆಯ ಊರುಗಳು ಮುಳುಗಿದ್ದವು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಹೊರಡುವವರು ಹಿಂದಿನ ದಿನದ ಸ್ಥಳೀಯ ಪತ್ರಿಕೆ ನೋಡಿ, ಸೇತುವೆ ಮುಳುಗಿಲ್ಲವೆಂದು ಖಚಿತಪಡಿಸಿಕೊಂಡೇ ಹೊರಡಬೇಕು.

ಈಗ ಎರೆಮಣ್ಣಿನ, ಅಂದರೆ ಈ ಸೀಮೆಯ ಕಪ್ಪು ಮಣ್ಣಿನ ಮಾತು. ಸನ್ನತಿಯ ಸೇತುವೆ-ಬ್ಯಾರೇಜು ದಾಟಿ ಶಹಾಪುರದ ಕಡೆಗೆ ಹೊರಟಾಗ ಆಕಾಶ ತಿಳಿಯಾಗಿತ್ತು. ಫೋನಿನ ನಕ್ಷೆ ಹೊಲಗಳ ನಡುವಿನ ಬಂಡಿದಾರಿಯೊಂದನ್ನು ತೋರಿಸಿತು, ನಾವೂ ಅಂಥ ದಾರಿ ಹುಡುಕಿಯೇ ಬಂದಿದ್ದವರು. ನಡುವೆ ಒಂದು ಮೋಡ ಬಂದು ಇಪ್ಪತ್ತು ನಿಮಿಷ ಸುರಿದು ಹೋಯಿತು. ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ, ಚಕ್ರದೊಡನೆ ಎದ್ದು ಬಂದು ಮುಂದಿನ ಮಡ್‌ಗಾರ್ಡಿನೊಳಗೆ ಪದರ ಪದರವಾಗಿ ತುಂಬಿಕೊಳ್ಳುತ್ತದೆ. ಇನ್ನೂರು ಹೆಜ್ಜೆಯಷ್ಟು ಸಾಗುವುದರೊಳಗೆ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಬೈಕು ಬಿದ್ದಿರಲಿಲ್ಲ, ಎಂಜಿನ್ ಕೆಟ್ಟಿರಲಿಲ್ಲ, ಗೇರಿನಲ್ಲಿದ್ದ ಹಿಂದಿನ ಚಕ್ರವೂ ತಿರುಗುತ್ತಿತ್ತು. ಆದರೂ ಒಂದು ಗೇಣು ಮುಂದೆ ಹೋಗಲಿಲ್ಲ. ಕೈಯಿಂದ ಮಣ್ಣು ತೆಗೆದು ನೂಕಿದರೆ ಹತ್ತು ಹೆಜ್ಜೆಗೆ ಮತ್ತೆ ತುಂಬುತ್ತಿತ್ತು. ಕಾಲಿನ ಬೂಟು ಒಂದೊಂದೂ ಸೇರು ಮಣ್ಣು ಹೊತ್ತಿತ್ತು.

ಆಗ ಹೊಲದ ಬದುವಿನಿಂದ ಇಳಿದು ಬಂದ ಹಿರಿಯರೊಬ್ಬರು ಹೇಳಿದ್ದು: “ಮಳಿ ಆದಮ್ಯಾಲ ಎರಿಯಾಗ ನಾವು ಎತ್ತು ಸುದ್ದಾ ಇಳಸಂಗಿಲ್ರಿ ಸರಾ. ಹಂಗ ಬಿಡ್ರಿ, ನಾಳಿ ಬಿಸಲಿಗೆ ತಾನೇ ಬಿಡ್ತದ.” ಅವರು ಮುಂದಿನ ಮಡ್‌ಗಾರ್ಡ್ ಬಿಚ್ಚಿಸಿದರು, ಕಳೆ ತೆಗೆಯುವ ಕುರ್ಪಿಯಿಂದ ಮಣ್ಣು ಕೆರೆದರು, ದಾರಿಯ ನಡುವನ್ನು ಬಿಟ್ಟು ಹುಲ್ಲಿರುವ ಬದುವಿನ ಮೇಲೆ ಬೈಕು ನಡೆಸಿಕೊಂಡು ಹೋಗಲು ಹೇಳಿದರು. ಹೀಗೆ ಡಾಂಬರು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಈ ದಾರಿಗೆ ಬರುವವರು ಅಗಲ ಬಾಯಿಯ ಕುರ್ಪಿಯೊಂದನ್ನು ಸಂತೆಯಲ್ಲಿ ಕೊಂಡು ಇಟ್ಟುಕೊಳ್ಳಬೇಕು, ಮಡ್‌ಗಾರ್ಡಿನ ಬೋಲ್ಟುಗಳಿಗೆ ಹೊಂದುವ ಪಾನಾ ಸಾಮಾನಿನ ತಳದಲ್ಲಿರದೆ ಜೇಬಿನಲ್ಲಿರಬೇಕು. ಮಡ್‌ಗಾರ್ಡ್ ಎತ್ತರದಲ್ಲಿರುವ ಬೈಕುಗಳಿಗೆ ತೊಂದರೆ ಸ್ವಲ್ಪ ಕಡಿಮೆ, ಆದರೆ ಹಿಂದೆ ಚೈನು ಮತ್ತು ಸ್ವಿಂಗ್ ಆರ್ಮಿನ ನಡುವೆ ಮಣ್ಣು ತುಂಬುವುದು ಯಾವ ಬೈಕಿಗೂ ತಪ್ಪಿದ್ದಲ್ಲ.

ಇನ್ನೂ ಸುಲಭವಾದ ಗುರುತೊಂದಿದೆ, ನಕ್ಷೆಗಿಂತ ಅದನ್ನು ನಂಬಬಹುದು. ಮಳೆಯಾದ ದಿನ ಊರಿನವರು ತಮ್ಮ ಬೈಕುಗಳನ್ನು ಡಾಂಬರಿನ ಅಂಚಿನಲ್ಲೇ ಸಾಲಾಗಿ ನಿಲ್ಲಿಸಿ ಹೊಲಕ್ಕೆ ನಡೆದು ಹೋಗುತ್ತಾರೆ. ಒಂದು ಬಂಡಿದಾರಿಯ ಬಾಯಲ್ಲಿ ಹೀಗೆ ನಾಲ್ಕಾರು ಬೈಕುಗಳು ನಿಂತಿದ್ದರೆ ಆ ದಾರಿ ಅಂದಿನ ಮಟ್ಟಿಗೆ ಇಲ್ಲವೆಂದೇ ತಿಳಿಯಿರಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಬಸಿಯುವುದರಿಂದ ಮಳೆಯ ಮರುದಿನವೇ ಓಡಿಸಬಹುದು. ಶಹಾಪುರ, ಸುರಪುರದ ಗುಡ್ಡಗಳ ಬುಡದ ಗರಸು ಕೂಡ ಹಾಗೆಯೇ. ಎರೆಮಣ್ಣಿಗೆ ಮಾತ್ರ ಎರಡು ದಿನದ ಬಿಸಿಲು ಬೇಕು.

ಆ ರಾತ್ರಿ ತಾಲ್ಲೂಕು ಕೇಂದ್ರವೊಂದರ ಲಾಡ್ಜಿನಲ್ಲಿ ನಮಗಾದದ್ದನ್ನು ಬರೆಯದಿದ್ದರೆ ಈ ಲೇಖನ ಅಪೂರ್ಣ. ನಮಗಿಂತ ಮುಂಚೆ ಬಂದ ಬೀಜದ ವ್ಯಾಪಾರಿಯೊಬ್ಬರಿಗೆ ಏಳುನೂರಕ್ಕೆ ಕೊಟ್ಟ ಕೋಣೆಯಂಥದ್ದಕ್ಕೇ ನಮ್ಮ ಹೆಲ್ಮೆಟ್ಟು, ಜಾಕೆಟ್ಟು ನೋಡಿ ಸಾವಿರದ ಆರುನೂರು ಕೇಳಿದರು. ಹೊತ್ತು ಮುಳುಗಿತ್ತು, ಕೊಟ್ಟೆವು. ಎ.ಸಿ. ಎಂದು ಹೇಳಿ ಹಣ ಪಡೆದ ಮೇಲೆ ರಿಮೋಟಿಗೆ ಪ್ರತ್ಯೇಕ ಠೇವಣಿ ಬೇಕೆಂದರು. ವಿದ್ಯುತ್ ಹೋದಾಗ ಜನರೇಟರು ಎ.ಸಿ.ಯನ್ನು ಎಳೆಯುವುದಿಲ್ಲವೆಂದರು. ಬಚ್ಚಲಲ್ಲಿ ಕೆಸರು ತೊಳೆದದ್ದಕ್ಕೆ ಬೆಳಿಗ್ಗೆ ಇನ್ನೂರು ರೂಪಾಯಿ ಬೇರೆ. ರಸೀದಿ ಕೇಳಿದರೆ ಪುಸ್ತಕ ಮುಗಿದಿದೆ ಎಂದರು. ಹಾಸಿಗೆ ಗಟ್ಟಿಯಾಗಿದೆಯೆಂದು ದೂರುವವನು ನಾನಲ್ಲ, ಬಸ್ ನಿಲ್ದಾಣದ ಬೆಂಚಿನ ಮೇಲೂ ಮಲಗಿ ಅಭ್ಯಾಸವಿದೆ. ಆದರೆ ಮುಖ ನೋಡಿ ದರ ಹೇಳುವುದನ್ನು ಸಹಿಸಲಾಗುವುದಿಲ್ಲ. ಸವಾರರು ಜಾಕೆಟ್ ಕಳಚಿ, ಬೈಕನ್ನು ಸ್ವಲ್ಪ ದೂರ ನಿಲ್ಲಿಸಿ ಒಬ್ಬರೇ ಹೋಗಿ ಕೋಣೆ ಕೇಳುವುದು ಲೇಸು, ಎ.ಸಿ. ಇಲ್ಲದ ಕೋಣೆಯನ್ನೇ ಪಡೆಯಿರಿ, ನವೆಂಬರಿನಿಂದ ಫೆಬ್ರುವರಿಯವರೆಗೆ ಅದು ಬೇಕಾಗುವುದೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬರುವ ಯೋಚನೆಯಿದ್ದರೆ ಬಿಟ್ಟುಬಿಡಿ. ತಾಪಮಾನ 42 ಡಿಗ್ರಿ ದಾಟಿದ ಮಧ್ಯಾಹ್ನ ಹೆಲ್ಮೆಟ್ಟಿನೊಳಗೆ ತಲೆಯಿಟ್ಟು ಮಣ್ಣಿನ ದಾರಿಯಲ್ಲಿ ನಿಂತು ಓಡಿಸುವುದು ಸಾಹಸವಲ್ಲ, ಆರೋಗ್ಯಕ್ಕೆ ಮಾಡುವ ಅನ್ಯಾಯ.

ಸುರಪುರದಿಂದ ಮುಂದೆ ಪ್ರಯಾಣದ ಸ್ವಭಾವವೇ ಬದಲಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಈ ಭಾಗದಲ್ಲಿ ಭತ್ತದ ಗದ್ದೆಗಳಿವೆ, ಕೆನಾಲ್ ದಂಡೆಯ ಮೇಲೆ ಗರಸು ಹಾಕಿದ ದಾರಿಗಳಿವೆ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಯಾಣದ ಅತ್ಯುತ್ತಮ ಸವಾರಿ ಇದೇ, ಆದರೆ ಒಂದು ಕಡೆ ತಡೆಗೋಡೆಯಿಲ್ಲದ ಆಳದ ನೀರಿರುವುದರಿಂದ ನಲವತ್ತರ ವೇಗ ಮೀರುವಂತಿಲ್ಲ. ಗದ್ದೆಯಿಂದ ಕೇಜ್ ವೀಲ್ (ಕೆಸರಿಗೆಂದು ಹಾಕುವ ಕಬ್ಬಿಣದ ಚಕ್ರ) ಬಿಚ್ಚದೆ ದಾರಿಗೆ ಹತ್ತಿದ ಟ್ರ್ಯಾಕ್ಟರುಗಳು ಅಡ್ಡಡ್ಡವಾಗಿ ಕೊರೆದಿಟ್ಟ ಗೆರೆಗಳು ದೂರದಿಂದ ಕಾಣುವುದಿಲ್ಲ. ಕುರಿಮಂದೆ ಎದುರಾದರೆ ಎಂಜಿನ್ ನಿಲ್ಲಿಸಿ ನಿಂತುಬಿಡಿ. ಹಾರ್ನ್ ಹೊಡೆದರೆ ಮಂದೆ ಚದರುತ್ತದೆ, ಕಾಯುವ ನಾಯಿಗಳು ಕಾಲಿಗೇ ಬರುತ್ತವೆ.

ಹುಣಸಗಿಯ ಸುತ್ತಿನ ಕಣಿವೆ ಆದಿಮಾನವರ ಕಲ್ಲಿನ ಕೈಗೊಡಲಿಗಳ ನಾಡು. ಹತ್ತಿರದ ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳಿಂದ ಆದಿಮಾನವರು ಆಯುಧ ಮಾಡುತ್ತಿದ್ದ ನೆಲೆಯನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಉತ್ಖನನ ಮಾಡಿದ್ದಾರೆ. ಅದರ ವಯಸ್ಸನ್ನು ಸುಮಾರು 12 ಲಕ್ಷ ವರ್ಷವೆಂದು ಅಂದಾಜಿಸಲಾಗಿದೆ. ನೋಡಲು ಅಲ್ಲಿ ಹೊಲವಲ್ಲದೆ ಬೇರೇನಿಲ್ಲ, ಫಲಕ ಹುಡುಕಿಕೊಂಡು ಹೋದವರಿಗೆ ನಿರಾಶೆಯಾಗುತ್ತದೆ. ಕಣ್ಣಿಗೆ ಕಾಣುವಂಥದ್ದು ಬೇಕಿದ್ದರೆ ರಾಜನಕೋಳೂರಿನ ಶಿಲಾಗೋರಿಗಳಿಗೆ ಹೋಗಿ: ನಿಲ್ಲಿಸಿದ ಚಪ್ಪಡಿಗಳ ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಕೋಣೆಗಳು ಬಯಲಲ್ಲೇ ನಿಂತಿವೆ. ಬೈಕನ್ನು ಅವುಗಳ ಬುಡದವರೆಗೆ ಓಡಿಸಿ ಫೋಟೋ ತೆಗೆಸಿಕೊಳ್ಳುವ ಚಟ ಕೆಲವರಿಗಿದೆ; ಅದು ಸಂರಕ್ಷಿತ ಸ್ಥಳ, ಟೈರಿನ ಗುರುತು ಬಿಟ್ಟು ಬರುವ ಜಾಗವಲ್ಲ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಸಾಲುಸಾಲಾಗಿ ಜೋಡಿಸಿದ ನೆಲೆಯಿದೆ, ಅದೂ ಇದೇ ದಾರಿಗೆ ಸಿಗುತ್ತದೆ.

ಹುಣಸಗಿಯಲ್ಲಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೆಸರಿನ ಹಲಗೆಯೂ ಇಲ್ಲದ ಖಾನಾವಳಿಯೊಂದಿದೆ. ಮನೆಯ ಮುಂದಿನ ಪಡಸಾಲೆಯೇ ಊಟದ ಜಾಗ. ಅತ್ತೆ ರೊಟ್ಟಿ ಬಡಿಯುತ್ತಾರೆ, ಸೊಸೆ ಬಡಿಸುತ್ತಾರೆ. ತಟ್ಟೆಗೆ ಎಂಬತ್ತು ರೂಪಾಯಿ, ರೊಟ್ಟಿಗೆ ಲೆಕ್ಕವಿಲ್ಲ. ಜೋಳದ ಬಿಸಿ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಮೆಂತ್ಯ. ಕೊನೆಗೆ ಅನ್ನ ಮತ್ತು ತೊಗರಿಬ್ಯಾಳಿ. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆಯ ಎಣ್ಣೆಯನ್ನು ಬಡಿಸುವಾಗ ಮೇಲಿನಿಂದ ಸುರಿದದ್ದು. ಹುಳಿ ಮೊದಲು ತಾಗಿ ಖಾರ ತಡವಾಗಿ ಏರುವ ಅಂಥ ಪಲ್ಯವನ್ನು ಕಲಬುರಗಿ ನಗರದ ದೊಡ್ಡ ಹೋಟೆಲುಗಳಲ್ಲೂ ನಾನು ಉಂಡಿಲ್ಲ. ತೊಗರಿಬ್ಯಾಳಿಯ ಬಗ್ಗೆ ಹೇಳುವುದೇ ಬೇಡ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ, ಅದೇಕೆಂದು ಕೇಳುವವರು ಈ ಪಡಸಾಲೆಯಲ್ಲಿ ಕುಳಿತು ಅನ್ನಕ್ಕೆ ಬರೀ ಬ್ಯಾಳಿ ಕಲಸಿ ಉಣ್ಣಲಿ. ನಾನು ಸಾಕೆಂದು ಕೈ ಅಡ್ಡ ಹಿಡಿದಾಗ ಒಲೆಯ ಮುಂದಿನಿಂದಲೇ ಅಜ್ಜಿ, “ಇಷ್ಟ ಉಂಡ್ರ ಗಾಡಿ ಹ್ಯಾಂಗ ಹೊಡಿತಿ ಯಪ್ಪಾ?” ಎಂದು ಇನ್ನೊಂದು ರೊಟ್ಟಿ ಕಳಿಸಿದರು. ಹೊರಡುವಾಗ ಖಡಕ್ ರೊಟ್ಟಿ ಮತ್ತು ಹಿಂಡಿ ಕಟ್ಟಿಸಿಕೊಳ್ಳಿ. ವಾರವಾದರೂ ಕೆಡದ, ನೀರಿಲ್ಲದೆ ಒಯ್ಯಬಹುದಾದ ಆಹಾರ ಅದು. ಪ್ರವಾಸದ ಅಂಗಡಿಗಳಲ್ಲಿ ಮಾರುವ ಎನರ್ಜಿ ಬಾರುಗಳಿಗಿಂತ ಎಷ್ಟೋ ಮೇಲು. ಮಧ್ಯಾಹ್ನ ಎರಡರ ಮೇಲೆ ಹೋದರೆ ಪುಂಡಿಪಲ್ಯ ಮುಗಿದಿರುತ್ತದೆ.

ಎಳ್ಳಮಾವಾಸ್ಯೆಯ ಸುತ್ತಮುತ್ತ ಬಂದವರಿಗೆ ಖಾನಾವಳಿಯೂ ಬೇಕಿಲ್ಲ. ಹೊಲದಲ್ಲಿ ಚರಗ ಚೆಲ್ಲಿ (ಭೂಮಿಗೆ ಎಡೆಯ ಅಡುಗೆ ಎರಚಿ) ಭಜ್ಜಿ, ಸಜ್ಜೆಯ ರೊಟ್ಟಿ ಉಣ್ಣುವ ಮನೆಮಂದಿ ದಾರಿಹೋಕರನ್ನೂ ಕರೆದು ಕೂರಿಸುತ್ತಾರೆ. ಆದರೆ ಅದೇ ಸಮಯದಲ್ಲಿ ತೊಗರಿ ಕೊಯ್ಲೂ ನಡೆದಿರುತ್ತದೆ. ಓರೆಯಾಗಿ ಕೊಯ್ದ ತೊಗರಿಯ ಕೂಳೆ ಒಣಗಿದ ಮೇಲೆ ಮೊಳೆಯಷ್ಟೇ ಗಟ್ಟಿ, ಜಾಲಿ ಮುಳ್ಳಿಗೆ ಬಗ್ಗದ ಟೈರನ್ನೂ ಅದು ತೂರುತ್ತದೆ. ದಾರಿ ಸರಿಯಿಲ್ಲವೆಂದು ಹೊಲದೊಳಗೆ ಹಾಯಿಸುವ ಮುನ್ನ ಇದನ್ನು ನೆನೆಯಿರಿ. ನನ್ನ ಎಕ್ಸ್‌ಪಲ್ಸ್ ಮತ್ತು ಸ್ನೇಹಿತನ ಹಿಮಾಲಯನ್ ಎರಡರ ಮುಂದಿನ ಚಕ್ರವೂ 21 ಇಂಚಿನದು, ಆ ಅಳತೆಯ ಟ್ಯೂಬು ತಾಲ್ಲೂಕು ಕೇಂದ್ರಗಳಲ್ಲೂ ನಮಗೆ ಸಿಗಲಿಲ್ಲ. ಒಂದೇ ಟ್ಯೂಬು ಒಯ್ಯುವುದಾದರೆ ಅದನ್ನೇ ಒಯ್ಯಿರಿ; ಇಕ್ಕಟ್ಟಿನಲ್ಲಿ ಅದನ್ನು ಹಿಂದಿನ ಚಕ್ರಕ್ಕೂ ಮಡಿಸಿ ತೂರಿಸಿ ಊರು ಮುಟ್ಟಬಹುದು.

ಇದೇ ಕಲಬುರಗಿ ಜಿಲ್ಲೆಯ ಚಿಂಚೋಳಿಯ ಕಾಡಿನ ದಾರಿಗಳ ಬಗ್ಗೆಯೂ ಹಲವರು ಕೇಳುತ್ತಾರೆ. 2011ರಿಂದ ಅದು ವನ್ಯಜೀವಿಧಾಮ, ಕತ್ತೆಕಿರುಬ, ತೋಳಗಳ ನೆಲೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗಿನ ಮಣ್ಣುದಾರಿಗೆ ಬೈಕು ಇಳಿಸುವುದು ತಪ್ಪು. ಕುಂಚಾವರಂ ಕಡೆಯ ಡಾಂಬರು ರಸ್ತೆ, ಚಂದ್ರಂಪಳ್ಳಿ ಜಲಾಶಯ ಇಷ್ಟು ಸಾಕು. ಎತ್ತಿಪೋತ ಜಲಪಾತ ಮಳೆಗಾಲ ಕಳೆದ ಮೇಲೆ ಬರೀ ಬಂಡೆ.

ಹಿಂದಿರುಗುವಾಗ ಜೇವರ್ಗಿ ಹೆದ್ದಾರಿ ಹಿಡಿಯುವ ಮುನ್ನ ಶಹಾಪುರದಲ್ಲೇ ಬೈಕು ತೊಳೆಸಿಬಿಡಿ. ಎರೆಮಣ್ಣು ಒಣಗಿದರೆ ಎಂಜಿನ್ನಿನ ರೆಕ್ಕೆಗಳ ನಡುವೆ ಇಟ್ಟಿಗೆಯಾಗಿ ಕೂತು ಗಾಳಿ ಆಡದಂತೆ ಮಾಡುತ್ತದೆ. ನೀರು ಹೊಡೆಯುವ ಹುಡುಗನಿಗೆ ಚಕ್ರದ ಬೇರಿಂಗಿಗೆ ನೇರವಾಗಿ ಪೈಪು ಹಿಡಿಯಬೇಡವೆಂದು ಮೊದಲೇ ಹೇಳಿ, ತೊಳೆದಾದ ಮೇಲೆ ಚೈನು ಒರೆಸಿ ಎಣ್ಣೆ ಬಿಟ್ಟು ಹೊರಡಿ. ಮುಂದಿನ ಮಡ್‌ಗಾರ್ಡ್ ಬಿಚ್ಚಿದ್ದರೆ ಹೆದ್ದಾರಿಗೆ ಹತ್ತುವ ಮೊದಲು ಮತ್ತೆ ಕೂರಿಸಿ ಬೋಲ್ಟು ಬಿಗಿಸಬೇಕು.