ಮೇಷ್ಟ್ರಾಗೋಕೆ ಏನು ಓದಬೇಕು? ಮೊದಲು ಎಷ್ಟನೇ ಕ್ಲಾಸಿಗೆ ಅಂತ ಹೇಳಿ

"ಸರ್, ಡಿಗ್ರಿ ಮುಗೀತು. ಬಿ.ಎಡ್. ಮಾಡಿದ್ರೆ ಟೀಚರ್ ಆಗಬಹುದಲ್ವಾ?" ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ನಾನು ತಿರುಗಿ ಕೇಳುವುದೂ ಒಂದೇ: ಎಷ್ಟನೇ ಕ್ಲಾಸಿನ ಮಕ್ಕಳಿಗೆ? "ಯಾವುದಾದ್ರೂ ಪರವಾಗಿಲ್ಲ ಸರ್, ಕೆಲಸ ಸಿಕ್ರೆ ಸಾಕು" ಅನ್ನುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

1ರಿಂದ 5ನೇ ತರಗತಿಗೆ ಪಾಠ ಮಾಡಬೇಕಾದರೆ ಪಿಯುಸಿ ಆದ ಮೇಲೆ ಎರಡು ವರ್ಷದ ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಾಲೆ ಶಿಕ್ಷಕರ ತರಬೇತಿ ಡಿಪ್ಲೊಮಾ, ಬೇಕು. ಹಿರಿಯರು ಇದನ್ನು ಇನ್ನೂ ಟಿಸಿಎಚ್ ಅಂತಲೇ ಕರೆಯುತ್ತಾರೆ. 6ರಿಂದ 8ಕ್ಕೆ ಡಿಗ್ರಿ, ಜೊತೆಗೆ ಡಿ.ಎಲ್.ಎಡ್. ಅಥವಾ ಬಿ.ಎಡ್. ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಎಡ್. ಈಗಷ್ಟೇ ಪಿಯುಸಿ ಮುಗಿಸಿದವರಿಗೆ ಡಿಗ್ರಿ, ಬಿ.ಎಡ್. ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸೂ ಇದೆ, ಆದರೆ ಅದು ಎಲ್ಲ ಕಾಲೇಜಿನಲ್ಲೂ ಸಿಗುವುದಿಲ್ಲ.

"ಬಿ.ಎಡ್. ದೊಡ್ಡದಲ್ವಾ, ಅದನ್ನು ಮಾಡಿದವರು ಚಿಕ್ಕ ಮಕ್ಕಳಿಗೂ ಪಾಠ ಮಾಡಬಹುದಲ್ಲ?" ಒಂದಷ್ಟು ಕಾಲ ಹಾಗೇ ಇತ್ತು. 2018ರಲ್ಲಿ ಎನ್‌ಸಿಟಿಇ, ಅಂದರೆ ಶಿಕ್ಷಕರ ಅರ್ಹತೆ ಏನಿರಬೇಕು ಅಂತ ದೇಶಕ್ಕೆಲ್ಲ ನಿಯಮ ಮಾಡುವ ಸಂಸ್ಥೆ, ಅದಕ್ಕೆ ಅವಕಾಶ ಕೊಟ್ಟಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವ ತರಬೇತಿಯೇ ಬೇರೆ ಅನ್ನುವುದು ಅದರ ತಿರುಳು. ನನಗೂ ಅದು ಸರಿ ಅನ್ನಿಸುತ್ತದೆ, ಆದರೆ ಕಾಸು ಖರ್ಚು ಮಾಡಿ ಬಿ.ಎಡ್. ಮುಗಿಸಿ ಕಾಯುತ್ತಿದ್ದವರ ಹೊಟ್ಟೆ ಉರಿದಿದ್ದೂ ಸುಳ್ಳಲ್ಲ.

ಇನ್ನು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ, 2010ರಿಂದ, 8ನೇ ತರಗತಿವರೆಗೆ ಕಲಿಸುವವರಿಗೆ ಇದು ಕಡ್ಡಾಯ. 1ರಿಂದ 5ಕ್ಕೆ ಮೊದಲ ಪತ್ರಿಕೆ, 6ರಿಂದ 8ಕ್ಕೆ ಎರಡನೆಯದು. ಎರಡರಲ್ಲೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ದಯವಿಟ್ಟು ಯಾವುದನ್ನೂ ಖಾಲಿ ಬಿಡಬೇಡಿ. ಪಾಸಾಗಲು ಶೇ. 60 ಬೇಕು, ಎಸ್‌ಸಿ, ಎಸ್‌ಟಿ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 55 ಸಾಕು. ಮೊದಲು ಸರ್ಟಿಫಿಕೇಟಿಗೆ ಏಳು ವರ್ಷದ ಆಯಸ್ಸು ಇತ್ತು, 2021ರಲ್ಲಿ ಜೀವನಪೂರ್ತಿ ಅಂತ ಮಾಡಿದರು. ಆದರೆ ಟಿಇಟಿ ಪಾಸಾದರೆ ಕೆಲಸ ಸಿಕ್ಕಂತಲ್ಲ. ಅದು ಬರೀ ಅರ್ಹತೆ. ನೇಮಕಾತಿಗೆ ಸರ್ಕಾರ ಕರೆದಾಗ ಬೇರೆ ಪರೀಕ್ಷೆ ಬರೆಯಬೇಕು, ಮೆರಿಟ್ ಪಟ್ಟಿಯಲ್ಲಿ ಹೆಸರು ಬರಬೇಕು. ಸ್ವೀಟ್ ಹಂಚಿದ ಮೇಲೆ ಈ ವಿಷಯ ಗೊತ್ತಾದವರನ್ನು ನಾನು ನೋಡಿದ್ದೇನೆ.

2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ನಮ್ಮ ಸ್ಟಾಫ್ ರೂಮಿನ ಹಿರಿಯ ಮೇಡಂ ಒಬ್ಬರು ಈಗ ಮಗಳ ಗೈಡ್ ಇಸ್ಕೊಂಡು ಓದುತ್ತಿದ್ದಾರೆ.

ಟಿಇಟಿಯಲ್ಲಿ ಜನ ಎಡವುವುದು ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ 30 ಪ್ರಶ್ನೆಗಳಲ್ಲಿ. ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ, ಅಲ್ಲಿ ನೋಡಿದರೆ "ಮಗು ಹೀಗೆ ತಪ್ಪು ಮಾಡಿದರೆ ನೀವು ಏನು ಮಾಡುತ್ತೀರಿ?" ಅಂತ ಕೇಳಿರುತ್ತಾರೆ. ನನಗೆ ಆ ಪ್ರಶ್ನೆ ಬಿ.ಎಡ್. ಪ್ರಾಕ್ಟೀಸ್ ಪಾಠದಲ್ಲೇ ಎದುರಾಗಿತ್ತು. ಆರನೇ ಕ್ಲಾಸು, ಭಿನ್ನರಾಶಿ. ನಲವತ್ತು ನಿಮಿಷಕ್ಕೆ ಅಂತ ಬರೆದುಕೊಂಡು ಹೋಗಿದ್ದ ಪಾಠ ಯೋಜನೆ ಹದಿನೈದೇ ನಿಮಿಷಕ್ಕೆ ಮುಗಿದುಹೋಯಿತು. ಕೊನೇ ಬೆಂಚಿನಲ್ಲಿ ಕೂತು ಗಮನಿಸುತ್ತಿದ್ದ ಮಾರ್ಗದರ್ಶಕರು ತಲೆ ಎತ್ತಲೇ ಇಲ್ಲ, ಏನೋ ಬರೆಯುತ್ತಿದ್ದರು. ಆಗ ಒಬ್ಬ ಹುಡುಗ ಎದ್ದು ನಿಂತ. "ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ ಸರ್, ಮತ್ತೆ 1/4 ಹೆಂಗೆ 1/3ಕ್ಕಿಂತ ಚಿಕ್ಕದು?" ನಾನು ನಿಯಮ ಹೇಳಿದೆ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದೆ. ಅವನ ಮುಖ ಹಾಗೇ ಇತ್ತು. ಕೊನೆಗೆ ನೋಟ್‌ಬುಕ್ಕಿನಿಂದ ಒಂದೇ ಅಳತೆಯ ಎರಡು ಪಟ್ಟಿ ಹರಿದೆ. ನಾಲ್ಕು ಭಾಗಕ್ಕೆ ಮಡಿಸುವುದು ಸುಲಭ, ಮೂರಕ್ಕೆ ಮಡಿಸಲು ಹೋಗಿ ಸೊಟ್ಟ ಮಾಡಿದೆ. ಅವನೇ ಕಿತ್ತುಕೊಂಡು ಸರಿಯಾಗಿ ಮಡಿಸಿದ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ "ಓ" ಅಂದ.

ಅದಕ್ಕೇ, "ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಅನ್ನುವ ಕಾಲೇಜು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ವರ್ಷದ ಬಿ.ಎಡ್.ನಲ್ಲಿ ಒಟ್ಟು 20 ವಾರ ಶಾಲೆಯಲ್ಲೇ ಕಳೆಯಬೇಕು ಅಂತ ಸುಮ್ನೆ ಇಟ್ಟಿಲ್ಲ. ಸೇರುವ ಮೊದಲು ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತಲೂ ನೋಡಿಕೊಳ್ಳಿ.

ಇನ್ನೊಂದು ಮಾತು, ಚಿಕ್ಕದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿಯಲ್ಲಿ ಮುಂದೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಹೀಗಿದ್ದರೆ ಈಗಲೇ ಸರಿ ಮಾಡಿಸಿ. ದಾಖಲೆ ಪರಿಶೀಲನೆಯ ದಿನ ಬೆಳಿಗ್ಗೆ ಫೋನ್ ಮಾಡಿ "ಸರ್, ಈಗ ಏನ್ಮಾಡ್ಲಿ?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.