ಕಾರು ಕಣ್ಣು ಹೊಡೆದ ರಾತ್ರಿ

ಪಾಂಡವಪುರದಿಂದ ಸ್ವಲ್ಪ ಒಳಗೆ ನಮ್ಮ ಮಾವನ ಊರು. ಕಳೆದ ಕಬ್ಬಿನ ಸೀಸನ್ನಿನಲ್ಲಿ ಒಂದು ಭಾನುವಾರ, ಊಟ ಮುಗಿಸಿ ಮೈಸೂರಿಗೆ ಹೊರಟಾಗ ರಾತ್ರಿ ಎಂಟೂವರೆ. ಗಾಡಿ ತಿರುಗಿಸುವಾಗಲೇ ಮಾವ ಜಗಲಿಯಿಂದ ಕೂಗಿದರು: "ಅಳಿಯಂದ್ರೇ, ನಿಮ್ ಕಾರು ಕಣ್ ಹೊಡೀತಾ ಅದಲ್ಲಾ!"

ನಕ್ಕು ಹೊರಟೆ. ನಾಲೆ ಏರಿ ಮೇಲೆ ಬಂದಾಗ ನಗು ನಿಂತಿತು. ಹೆಡ್‌ಲೈಟು ನಿಜವಾಗಲೂ ಕುಣಿಯುತ್ತಿತ್ತು. ಒಂದಷ್ಟು ದೂರ ಸರಿಯಾಗಿರುತ್ತೆ, ಗುಂಡಿ ಸಿಕ್ಕರೆ ಮಂಕಾಗುತ್ತೆ, ಮತ್ತೆ ಉರಿಯುತ್ತೆ. ವಿಶ್ವೇಶ್ವರಯ್ಯ ನಾಲೆ ಪಕ್ಕದ ರಸ್ತೆ ಓಡಾಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ತಗ್ಗಿನ ಗದ್ದೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಬಿದ್ದು 30 ಜನ ತೀರಿಕೊಂಡದ್ದು ಇದೇ ನಾಲೆಗೆ. ಅದೂ ಹಾಡಹಗಲಲ್ಲಿ.

"ರೀ, ಗಾಡಿ!" ಅಂದಳು ಹೆಂಡತಿ. ಬ್ರೇಕ್ ಒತ್ತಿದೆ. ಕಬ್ಬು ತುಂಬಿದ ಎತ್ತಿನ ಗಾಡಿ, ಹಿಂದೆ ಒಂದು ರಿಫ್ಲೆಕ್ಟರ್ ಚೂರೂ ಇಲ್ಲ. ನನ್ನ ದೀಪ ಆಗ ಮಂಕಿನ ಸರದಿಯಲ್ಲಿತ್ತು. ಅಲ್ಲಿಂದ ಮೂವತ್ತರ ಮೇಲೆ ಹೋಗಲಿಲ್ಲ.

ಶ್ರೀರಂಗಪಟ್ಟಣದ ಹತ್ತಿರ ಎದುರಿಗೆ ಬರುತ್ತಿದ್ದ ಬೈಕಿನ ಹುಡುಗ ನನ್ನ ದೀಪ ನೋಡಿ ಪಕ್ಕಕ್ಕೆ ನಿಲ್ಲಿಸಿದ. ಟ್ಯಾಂಕ್ ಮೇಲಿದ್ದ ಹೆಲ್ಮೆಟ್ ತಲೆಗೆ ಹಾಕಿಕೊಂಡು, ನನಗೆ ಕೈ ಎತ್ತಿ ಥ್ಯಾಂಕ್ಸ್ ಹೇಳಿ ಹೋದ. ಹಿಂದೆ ಪೊಲೀಸರಿದ್ದಾರೆ ಅಂತ ಸಿಗ್ನಲ್ ಕೊಡ್ತಿದೀನಿ ಅಂದುಕೊಂಡನಲ್ವಾ! ಆ ರಾತ್ರಿ ಆದ ಒಳ್ಳೆಯ ಕೆಲಸ ಅದೊಂದೇ.

ಮರುದಿನದಿಂದ ನನ್ನ ಸ್ವಂತ ವೈದ್ಯ ಶುರುವಾಯಿತು. ಮೊದಲು ಎರಡು ಹೊಸ ಬಲ್ಬು. ಅಂಗಡಿಯವರು 60/55ರ ಬದಲು 100/90 ವ್ಯಾಟಿನದು ಹಾಕಿ, "ಹಗಲು ಮಾಡಿಬಿಡುತ್ತೆ" ಅಂದರು. ಬೇಡ ಅಂದೆ. ಅಷ್ಟು ಕರೆಂಟು ಎಳೆದರೆ ಹೋಲ್ಡರ್ ಕರಗುತ್ತೆ, ಎದುರಿಗೆ ಬರುವವರ ಶಾಪ ಬೇರೆ. ಬಲ್ಬು ಬದಲಾಯಿತು, ಕುಣಿತ ಬದಲಾಗಲಿಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಬಿಳಿ ಕಿಲುಬನ್ನೆಲ್ಲ ಬಿಸಿನೀರಲ್ಲಿ ತೊಳೆದು, ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿದೆ. ಉಹುಂ. ಆಫೀಸಿನ ಗೆಳೆಯ "ಡೈನಮೋ ಹೋಗಿದೆ, ಏಳೆಂಟು ಸಾವಿರ ರೆಡಿ ಮಾಡ್ಕೋ" ಅಂತ ಹೆದರಿಸಿದ.

ಸುಳಿವು ಸಿಕ್ಕಿದ್ದು ಮನೆ ಗೇಟಿನಲ್ಲಿ. ಒಳಗೆ ತಿರುಗಲು ಬಲಗಡೆ ಇಂಡಿಕೇಟರ್ ಹಾಕಿ ನಿಂತಿದ್ದೆ. ಎದುರಿನ ಗೋಡೆ ಮೇಲೆ ಹೆಡ್‌ಲೈಟಿನ ಬೆಳಕು ಟಿಕ್ ಅಂದಾಗ ಇಳಿಯಿತು, ಟಿಕ್ ಅಂದಾಗ ಏರಿತು. ತಾಳ ತಪ್ಪದೆ. ಎಡಗಡೆ ಹಾಕಿದರೆ ಹಾಗಾಗಲಿಲ್ಲ.

ಬನ್ನಿಮಂಟಪದ ಕಡೆ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ವಯಸ್ಸಾದವರು. ಇದನ್ನು ಹೇಳಿದ ತಕ್ಷಣ ಬಾನೆಟ್ಟಿನೊಳಗಿಂದ ತಲೆ ಎತ್ತಿದರು. "ಇದನ್ನ ಮೊದ್ಲೇ ಹೇಳ್ಬಾರ್ದಾ ಸಾರ್? ಡೈನಮೋ ಅಲ್ಲ ಇದು. ಅರ್ತು." ಅರ್ತು ಅಂದರೆ ಕರೆಂಟು ಬಲ್ಬಿನಿಂದ ಕಾರಿನ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ.

ಆದರೂ ಮೀಟರ್ ಹಿಡಿಯದೆ ಬಿಡಲಿಲ್ಲ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಅಲುಗಾಡದೆ. ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಗಟ್ಟಿಯಾಗಿದೆ. ಆಮೇಲೆ ದೀಪ ಹಾಕಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಹೆಡ್‌ಲೈಟ್ ಹೋಲ್ಡರಿನ ಅರ್ತ್ ಪಿನ್ನಿಗೆ. ಅಲ್ಲಿ 0.2 ವೋಲ್ಟಿಗಿಂತ ಜಾಸ್ತಿ ಬರಬಾರದಂತೆ. ನಮ್ಮದು ಎರಡರ ಮೇಲೆ, ವೈರ್ ಅಲ್ಲಾಡಿಸಿದರೆ ಮೂರು. ಅಂದರೆ ಬಲ್ಬಿಗೆ ಸೇರಬೇಕಾದ ವೋಲ್ಟೇಜು ವಾಪಸ್ ಬರುವ ದಾರಿಯಲ್ಲೇ ಸೋರಿ ಹೋಗುತ್ತಿತ್ತು. ವೋಲ್ಟೇಜು ನೂರಕ್ಕೆ 10ರಷ್ಟು ಇಳಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು 30ರಷ್ಟು ಇಳಿಯುತ್ತೆ. ಎತ್ತಿನ ಗಾಡಿ ಕಾಣದೆ ಹೋದದ್ದಕ್ಕೆ ಲೆಕ್ಕ ಸಿಕ್ಕಿತು. ಅವರು ಒಂದು ತುಂಡು ವೈರಿನಿಂದ ಆ ಪಿನ್ನನ್ನು ನೇರವಾಗಿ ಮೈನಸ್‌ಗೆ ಮುಟ್ಟಿಸಿದರು. ದೀಪದ ಕುಣಿತ ಗಪ್ಪನೆ ನಿಂತಿತು.

ವೈರ್ ಹಿಡಿದುಕೊಂಡು ಹೋದರೆ, ಬಲಗಡೆ ದೀಪದ ಹಿಂದೆ ಬಾಡಿಗೆ ಬಿಗಿದ ಒಂದು ಹತ್ತನೇ ನಂಬರ್ ಬೋಲ್ಟು. ನನ್ನ ಕಾರಿನಲ್ಲಿ ಎರಡೂ ಹೆಡ್‌ಲೈಟಿಗೆ, ಬಲಗಡೆ ಇಂಡಿಕೇಟರಿಗೆ, ಎಲ್ಲಕ್ಕೂ ಅದೇ ಒಂದು ಅರ್ತು. ಬೋಲ್ಟು ಹೊಳೆಯುವ ಬೆಳ್ಳಿ ಬಣ್ಣದಲ್ಲಿತ್ತು. ಕಾರಿನ ಬಣ್ಣವೂ ಅದೇ.

"ಮುಂದ್ಗಡೆ ಪೇಂಟ್ ಹೊಡ್ಸಿದ್ರಾ ಸಾರ್?"

ಹೊಡೆಸಿದ್ದೆ. ಹೋದ ವರ್ಷ ಒಬ್ಬರು ರಿವರ್ಸ್ ಬಂದು ಗುದ್ದಿದಾಗ. ಟಿಂಕರಿಂಗ್ ಮಾಡಿದವರು ಅರ್ತ್ ಬಿಚ್ಚಿ, ಪೇಂಟ್ ಹೊಡೆದು, ಕೆರೆಯದೆ ಅದರ ಮೇಲೇ ವೈರ್ ಕೂರಿಸಿ, ಮೇಲೊಂದು ಕೋಟ್ ಕೊಟ್ಟಿದ್ದರು. ನೋಡಲು ಬಲು ಚಂದ. ಪೇಂಟಿನ ಮೇಲೆ ಕರೆಂಟು ಹರಿಯಲ್ಲವಲ್ಲ, ಇಷ್ಟು ದಿನ ಬೋಲ್ಟಿನ ತ್ರೆಡ್ಡಿನಲ್ಲೇ ಹೇಗೋ ಕಾಲ ಹಾಕಿತ್ತು. ಮಳೆಗಾಲದಲ್ಲಿ ಅದೂ ತುಕ್ಕು ಹಿಡಿದಿತ್ತು.

ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಬರೀ ತಗಡು ಕಾಣುವವರೆಗೂ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದರು. ಹತ್ತು ನಿಮಿಷ. ಮತ್ತೆ ಮೀಟರ್ ಇಟ್ಟರೆ 0.06. ನೂರೈವತ್ತು ರೂಪಾಯಿ ಕೇಳಿದರು. ಬಲ್ಬಿಗೆ ನಾನು ಸುಮ್ನೆ ಸುರಿದದ್ದು ಅದರ ನಾಲ್ಕರಷ್ಟು.

ದುಡ್ಡು ಕೊಟ್ಟು ಹೊರಡುವಾಗ ಅವರು ಹಾರ್ನ್ ಒತ್ತಲು ಹೇಳಿದರು. ಆರು ತಿಂಗಳಿಂದ ಅದು ನೆಗಡಿಯಾದ ಮೇಕೆ ಹಾಗೆ ಕೂಗುತ್ತಿತ್ತು. ವಯಸ್ಸಾಯ್ತು ಅಂದುಕೊಂಡಿದ್ದೆ. ಅವರು ಏನೂ ಹೇಳದೆ ಮತ್ತೆ ಸ್ಪ್ಯಾನರ್ ತೆಗೆದುಕೊಂಡರು. ಹಾರ್ನಿನ ಕ್ಲಾಂಪಿಗೂ ಬೆಳ್ಳಿ ಬಣ್ಣ ಬಳಿದಿತ್ತು.