ಕಾಲುವೆಯ ಆಪು, ಮ್ಯಾನಿಂಗ್‌ನ ‘ಎನ್’

ಮುಧೋಳದ ಹತ್ತಿರ ನಮ್ಮ ಕಾಕಾನ ಕಬ್ಬಿನ ಹೊಲ ಇರುವುದು ಉಪಕಾಲುವೆಯ ಕೊನೆಯಲ್ಲಿ. ಘಟಪ್ರಭಾ ಎಡದಂಡೆಯ ನೀರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. “ಮ್ಯಾಲಿನವ್ರು ತೂಬು ಎತ್ತಿ ನೀರು ಕದೀತಾರ” ಅನ್ನೋದು ಕಾಕಾನ ವಾದ. ನಾನು ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಹುಡುಗರಿಗೆ ಹೈಡ್ರಾಲಿಕ್ಸ್, ಅಂದರೆ ನೀರಿನ ಹರಿವಿನ ಲೆಕ್ಕ, ಹೇಳಿಕೊಡುವವನು. ಸುಮ್ನೆ ಕೂರಲಾಗದೆ ಲೆಕ್ಕಕ್ಕೆ ಕೂತೆ.

ಸೂತ್ರ ಹಳೆಯದು. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ್ದು. ಕಾಲುವೆಯ ಆಕಾರ, ಇಳಿಜಾರು, ‘ಎನ್’ ಎಂಬ ಒರಟುತನದ ಅಂಕಿ. ಇಷ್ಟು ಗೊತ್ತಿದ್ದರೆ ನೀರಿನ ವೇಗ ಸಿಗುತ್ತದೆ. ತಮಾಷೆ ಅಂದರೆ, ಈ ಸೂತ್ರ ಖುದ್ದು ಮ್ಯಾನಿಂಗ್‌ಗೇ ಅಷ್ಟಾಗಿ ಹಿಡಿಸಿರಲಿಲ್ಲ!

ಪರೀಕ್ಷೆಯಲ್ಲಿ ‘ಎನ್’ ಕೊಟ್ಟಿರುತ್ತಾರೆ. ಹೊಲದಲ್ಲಿ ನಾವೇ ಹುಡುಕಬೇಕು. ಜೋಳದ ದಂಟಿನ ಬೆಂಡು ತೇಲಿಬಿಟ್ಟು, ಮೇಲ್ಮೈ ವೇಗದ 0.85ರಷ್ಟನ್ನು ಸರಾಸರಿ ಅಂತ ಹಿಡಿದು, ಸೂತ್ರವನ್ನು ಹಿಂದುಮುಂದಾಗಿ ಬಿಡಿಸಿದರೆ ಆಯ್ತು.

ಒಂದು ಕಾಲುವೆ ಇದೆ ಅಂದುಕೊಳ್ಳಿ. ತಳ 1 ಮೀಟರ್, ನೀರಿನ ಆಳ 1 ಮೀಟರ್. ಬದಿಗಳು 1 ಮೀಟರ್ ಏರಲು ಒಂದೂವರೆ ಮೀಟರ್ ಹೊರಕ್ಕೆ ಚಾಚಿವೆ. 2500 ಮೀಟರಿಗೆ 1 ಮೀಟರ್ ಇಳಿಜಾರು. ಕಾಂಕ್ರೀಟ್ ಚೊಕ್ಕಟವಾಗಿದ್ದರೆ ‘ಎನ್’ 0.018, ಸೆಕೆಂಡಿಗೆ 1.85 ಘನ ಮೀಟರ್ ಹರಿಯುತ್ತದೆ. ಹೂಳು ತುಂಬಿ ಆಪು (ನೀರಲ್ಲಿ ಬೆಳೆಯುವ ಜೊಂಡು) ಬೆಳೆದರೆ ‘ಎನ್’ 0.036 ಆಗುವುದು ದೊಡ್ಡ ಮಾತಲ್ಲ. ಅದೇ ಆಳಕ್ಕೆ ಹರಿವು ಅರ್ಧ.

ಹಾಗಾದರೆ ಮೇಲಿನಿಂದ 1.85 ಬಿಡುತ್ತಲೇ ಇದ್ದರೆ ಉಳಿದರ್ಧ ಎಲ್ಲಿ ಹೋಗುತ್ತದೆ? ಮಟ್ಟ ಏರುತ್ತದೆ. ಆಪು ಇರುವಲ್ಲಿ ಅಷ್ಟೇ ಅಲ್ಲ, ಅದರ ಹಿಂದಕ್ಕೂ ಏರುತ್ತದೆ. ತೂಬಿನ ಮೇಲೆ ನೀರು ಎತ್ತರ ನಿಂತಷ್ಟೂ ಅದರಿಂದ ಹೊರಬೀಳುವುದು ಜಾಸ್ತಿ, ಎತ್ತರದ ವರ್ಗಮೂಲದ ಲೆಕ್ಕದಲ್ಲಿ. ಅಂದರೆ ಮೇಲಿನ ರೈತ ತೂಬು ಮುಟ್ಟದಿದ್ದರೂ ಅವನ ಹೊಲಕ್ಕೆ ಹೆಚ್ಚು ನೀರು ಹೋಗುತ್ತದೆ. ಕೊನೆಯವನಿಗೆ ಕೊರತೆ. ಕಳ್ಳತನ ಬೇಕಾಗಿಯೇ ಇಲ್ಲ. (ಯಾರೂ ಕದಿಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ.)

ಗೇಟು ಎತ್ತಿದ ಹೊತ್ತಿನ ಏರಿಳಿತಕ್ಕೆ ಮ್ಯಾನಿಂಗ್ ಒಂದೇ ಸಾಲದು. ಫ್ರಾನ್ಸಿನ ಎಂಜಿನಿಯರ್ ಸೇಂಟ್-ವೆನಾಂಟ್ 1871ರಲ್ಲಿ ಕೊಟ್ಟ ಸಮೀಕರಣ ಬೇಕು, ಅದನ್ನು ಬಿಡಿಸಲು ಕಂಪ್ಯೂಟರ್ ಬೇಕು. ಕಾಕಾನ ಜಗಳಕ್ಕೆ ಅಷ್ಟೆಲ್ಲ ಬೇಡ.

ಇದನ್ನೆಲ್ಲ ಕೇಳಿ ಕಾಕಾ, “ಹಂಗಾದ್ರ ಆಪು ಕೀಳಾಕ ಅವ್ರ್ಯಾಕ ಬರ್ತಾರೋ ತಮ್ಮಾ? ಅವ್ರಿಗೆ ಲಾಭನ ಐತಲ್ಲ!” ಅಂದ. ನೀರು ಬಳಕೆದಾರರ ಸಂಘದ ಸಭೆಯಲ್ಲಿ ಈ ಲೆಕ್ಕ ನಾನೇ ಹೇಳಬೇಕಂತೆ. ಅದೂ ಮೇಲಿನವರ ಎದುರಿಗೆ.